ಬಸಿದ ನೀರು

ಡಾಕ್ಟರು ಚೀಟಿಯನ್ನು ಎರಡು ಸಲ ಓದಿದರು. ಒಂದೇ ಸಲ ಓದಿ ಮಡಿಚಿಟ್ಟಿದ್ದರೆ ಶಿವವ್ವ ಅಷ್ಟು ಹೆದರುತ್ತಿರಲಿಲ್ಲ.

"ಪೊಟ್ಯಾಸಿಯಂ ಮತ್ತ ಏರೈತಲ್ರಿ ಯಜಮಾನ್ರ," ಎಂದರು. "ಹೋದ ತಿಂಗಳು ಐದೂವರಿ ಇತ್ತು. ಹದಿನೈದು ದಿನದ ಹಿಂದ ಐದು ಪಾಯಿಂಟ್ ಎಂಟು. ಈಗ ಆರು ಪಾಯಿಂಟ್ ಒಂದು. ಐದರೊಳಗ ಇರಬೇಕಾದದ್ದು. ಏನ್ ತಿನ್ನಾಕತ್ತೀರಿ?"

ಮುರಿಗೆಪ್ಪ ಹೆಂಡತಿಯ ಮುಖ ನೋಡಿದ. ತಿನ್ನುವವನು ಅವನೇ, ಆದರೆ ಉತ್ತರ ಕೊಡಬೇಕಾದವಳು ಅವಳು.

"ನೀವು ಬರದ ಕೊಟ್ಟದ್ದನ್ನ ಕೊಡಾಕತ್ತೇನ್ರಿ ಸಾಹೇಬ್ರ."

"ಬಾಳಿಹಣ್ಣು? ಎಳನೀರು? ಬೆಲ್ಲ?"

"ಮನಿಯೊಳಗ ತಂದೇ ಇಲ್ರಿ."

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇದು ಸಕ್ಕರಿ ಬ್ಯಾನಿ ಇದ್ದಂಗಲ್ಲ ಅಮ್ಮಾ. ಸಕ್ಕರಿ ವರ್ಷಗಟ್ಟಲೆ ಸತಾಯಿಸತೈತಿ. ಇದು ಏರಿದ್ರ ಹೇಳದ ಕೇಳದ ಹೃದಯ ನಿಂದರಸತೈತಿ. ಇವತ್ತಿನ ಇಸಿಜಿ ಚಲೋ ಐತಿ, ಅದಕ್ಕ ಮನಿಗೆ ಕಳಸಾಕತ್ತೇನಿ. ಈ ಪುಡಿ ನೀರಾಗ ಕಲಿಸಿ ಕುಡಸ್ರಿ. ಶುಕ್ರವಾರ ಮತ್ತ ರಕ್ತ ಕೊಡ್ರಿ. ಆವಾಗ್ಲೂ ಇಳೀಲಿಲ್ಲ ಅಂದ್ರ ಕಿಡ್ನಿ ಕೈಚೆಲ್ಲೈತಿ ಅಂತ ತಿಳಕೊಂಡು ಮಷೀನಿಗೆ ಹಾಕೂದು. ನಡುವ ಕಾಲಾಗಿನ ಬಲ ಹೋತು ಅಂದ್ರ ಮಾತ್ರ ಶುಕ್ರವಾರದ ತನಕ ಕಾಯಬ್ಯಾಡ್ರಿ, ಎದ್ದ ಬರ್ರಿ."

ಹೊರಗೆ ಬೆಂಚಿನ ಮೇಲೆ ಮೂಡಲಗಿಯ ಮಾಲಿಂಗಪ್ಪ ಕೂತಿದ್ದ. ಸೋಮವಾರ, ಬುಧವಾರ, ಶುಕ್ರವಾರ ಅವನು ಗೋಕಾಕದ ಈ ಆಸ್ಪತ್ರೆಗೆ ಬಂದು ನಾಲ್ಕು ತಾಸು ಮಷೀನಿನ ಪಕ್ಕ ಮಲಗಿ ರಕ್ತ ತೊಳೆಸಿಕೊಂಡು ಹೋಗುತ್ತಾನೆ. ಮೊಣಕೈ ಕೆಳಗೆ ನರ ಹಗ್ಗದಂತೆ ಉಬ್ಬಿತ್ತು.

"ಏನ್ ಮುರಿಗೆಪ್ಪಣ್ಣಾ, ನಮ್ಮ ಪಾಳೆಕ್ಕ ಬರಾಕತ್ತೀ ಏನ?"

"ಇನ್ನೂ ನಂಬರ ಹಚ್ಚಿಲ್ಲೋ ಮಾರಾಯಾ."

"ಬಾ ಬಾ. ಮೂರ ದಿನಾ ಮಷೀನು, ಮೂರ ದಿನಾ ನಿದ್ದಿ, ಉಳದ ಒಂದ ದಿನಾ ಹೆಂಡ್ತಿ ಬೈಗಳಾ. ರಾಜನ ಬಾಳೇ!"

ಇಬ್ಬರೂ ನಕ್ಕರು. ಶಿವವ್ವ ನಗಲಿಲ್ಲ. ಅವಳು ಮಾಲಿಂಗಪ್ಪನ ಹೆಂಡತಿಯನ್ನು ನೋಡುತ್ತಿದ್ದಳು. ಆಕೆ ಗೋಡೆಗೆ ಒರಗಿ ಬಾಯಿ ತೆರೆದು ಕೂತಲ್ಲೇ ನಿದ್ದೆ ಹೋಗಿದ್ದಳು. ಕಾಲ ಬಳಿ ನೀರಿನ ಬಾಟಲಿ, ಊಟದ ಡಬ್ಬಿ, ಒಂದು ಚಾದರ. ಇವನ್ನು ಹೊತ್ತು ತಿರುಗುವುದು ಬಿಟ್ಟರೆ ಆಕೆಗೆ ಬೇರೆ ಬಾಳು ಉಳಿದಿರಲಿಲ್ಲ.

ಅರಭಾವಿಯ ಬಸ್ಸಿನಲ್ಲಿ ಮುರಿಗೆಪ್ಪ ಕಿಟಕಿಯ ಕಡೆ ಕೂತ. ಮೂವತ್ತೊಂದು ವರ್ಷ ಅರಭಾವಿಯ ತೋಟಗಾರಿಕೆ ಕಾಲೇಜಿನಲ್ಲಿ ಮಾಲಿಯಾಗಿದ್ದು ಎರಡು ವರ್ಷದ ಹಿಂದೆ ನಿವೃತ್ತನಾದ ಮನುಷ್ಯ. ರಸ್ತೆ ಬದಿಯ ಗಿಡ ನೋಡಿದರೂ ಅದಕ್ಕೇನು ಕಡಿಮೆಯಾಗಿದೆ ಎಂದು ಹೇಳುವವನು.

"ಪೊಟ್ಯಾಶ್ ಚೀಲ ಈ ಬೆನ್ನಮ್ಯಾಲೆ ಹೊತ್ತೇನಿ," ಎಂದ. "ಮಾವಿಗೆ ಹಾಕೇನಿ, ಬಾಳಿಗೆ ಹಾಕೇನಿ. ಈಗ ನನ್ನೊಳಗ ಹೆಚ್ಚಾಗೈತಂತ. ಇಷ್ಟೊತ್ತಿಗೆ ನಾ ಹಣ್ಣ ಬಿಡಬೇಕಾಗಿತ್ತು."

"ಸುಮ್ಮ ಕೂಡ್ರಿ."

"ಅಳೂದಕ್ಕಿಂತ ಇದು ಚಲೋ ಅಲ್ಲೇನ?"

ಶಿವವ್ವ ಎರಡು ತಿಂಗಳಿಂದ ಒಲೆಯ ಮುಂದೆ ತಾನು ಮಾಡಿದ್ದನ್ನೆಲ್ಲ ಒಂದೊಂದಾಗಿ ನೆನೆಯುತ್ತಿದ್ದಳು.

ಸಕ್ಕರೆ ಬ್ಯಾನಿ ಮುರಿಗೆಪ್ಪನಿಗೆ ಹದಿನಾಲ್ಕು ವರ್ಷದ್ದು. ಅದು ಒಳಗೊಳಗೇ ಕಿಡ್ನಿಗೆ ಇಳಿದದ್ದು ಗೊತ್ತಾದದ್ದು ಈ ಬೇಸಿಗೆಯಲ್ಲಿ. ಲಿಂಗಾಯತರ ಮನೆ, ತಲೆತಲಾಂತರದಿಂದ ಸೊಪ್ಪು ಕಾಳು ರೊಟ್ಟಿ ಉಂಡವರು. ಇಂಥ ಮನೆಗೆ ಇಂಥ ಬ್ಯಾನಿ ಹೇಗೆ ಬಂತು ಎಂದು ಬಂದವರೆಲ್ಲ ಕೇಳಿದರು. ಡಾಕ್ಟರು ಮಾತ್ರ, ಮಾಂಸ ತಿನ್ನದಿರುವುದು ಚಲೋ, ಕಿಡ್ನಿಗೆ ಭಾರ ಕಡಿಮೆ, ಆದರೆ ಸೊಪ್ಪು ತರಕಾರಿಯಲ್ಲೂ ನಿಮಗೆ ಆಗದಿರುವುದು ಒಂದಿದೆ ಎಂದು ಹೇಳಿ, ಪಥ್ಯ ಹೇಳುವ ರಾಧಿಕಾಳ ಬಳಿ ಕಳಿಸಿದ್ದರು.

ರಾಧಿಕಾ ಬೆಳಗಾವಿಯ ಹುಡುಗಿ, ಒಳ್ಳೆಯ ಮಾತಿನವಳು. ಅವಳ ಬಾಗಿಲ ಹೊರಗೆ ನಲವತ್ತು ಜನ ನಿಂತಿದ್ದರು. "ಕಾಕು, ಕಾಯಿಪಲ್ಯ ಇರ್ಲಿ, ಸೊಪ್ಪು ತಪ್ಪಲ ಇರ್ಲಿ, ಬ್ಯಾಳಿ ಇರ್ಲಿ, ಸಣ್ಣಗ ಹೆಚ್ಚಿ, ಬಾಳ ನೀರಾಗ ಕುದಿಸಿ, ನೀರು ಬಸದು, ಆಮ್ಯಾಲೆ ಪಲ್ಯ ಮಾಡ್ರಿ. ತಪ್ಪಲ ವಾರಕ್ಕ ಎರಡ ಸಲ ಸಾಕು," ಎಂದಿದ್ದಳು. ಶಿವವ್ವ ತಲೆಯಾಡಿಸಿದಳು. ಬಸಿಯುವುದನ್ನು ಅವಳಿಗೆ ಕಲಿಸಬೇಕೆ? ಹನ್ನೆರಡನೆಯ ವರ್ಷದಿಂದ ಹೋಳಿಗೆಯ ಬೇಳೆ ಬಸಿದ ಕೈ.

ಅಂದಿನಿಂದ ಒಂದು ದಿನವೂ ತಪ್ಪಿಸಿರಲಿಲ್ಲ. ದೊಡ್ಡ ಪಾತ್ರೆಯ ತುಂಬ ನೀರಿಟ್ಟು ಕುದಿಸುವುದು, ಜರಡಿಗೆ ಸುರಿಯುವುದು, ಪಲ್ಯವನ್ನು ಹಿಂಡಿ ಒಗ್ಗರಣೆ ಹಾಕುವುದು. ಕೆಳಗಿನ ಪಾತ್ರೆಗೆ ಇಳಿದ ಕಟ್ಟಿನ ನೀರಿಗೆ ಎರಡು ಎಸಳು ಬೆಳ್ಳುಳ್ಳಿ, ಜೀರಿಗೆ, ಕರಿಬೇವು, ಹೆಸರಿಗಷ್ಟು ಉಪ್ಪು ಹಾಕಿ ತಿಳಿ ಸಾರು ಮಾಡುವುದು. ಜ್ವರ ಬಿಟ್ಟವರಿಗೆ, ಬಾಣಂತಿಗೆ, ಹಲ್ಲಿಲ್ಲದ ಮುದುಕರಿಗೆ ಕೊಡುವುದೇ ಕಟ್ಟಿನ ಸಾರು. ಗಟ್ಟಿಯದ್ದು ದಕ್ಕದವರಿಗೆ ತಿಳಿಯದ್ದು ದಕ್ಕುತ್ತದೆ. ಪಥ್ಯದ ಪಲ್ಯಕ್ಕೆ ರುಚಿಯಿರಲಿಲ್ಲ, ಹಿಂಡಿದ ಬಟ್ಟೆಯಂತಿತ್ತು. ಆ ಸಾರು ಇದ್ದದ್ದರಿಂದಲೇ ಮುರಿಗೆಪ್ಪನ ಗಂಟಲಲ್ಲಿ ಅನ್ನ ಇಳಿಯುತ್ತಿತ್ತು.

ಹೀಗಿರುವಾಗ ತಪ್ಪು ಒಲೆಯ ಮುಂದೆ ಇಲ್ಲ. ಅಂದ ಮೇಲೆ ಎಲ್ಲಿ?

ಮರುದಿನ ಮಂಗಳವಾರ ಮುರಿಗೆಪ್ಪನ ಅಕ್ಕ ಶೆಟ್ಟೆವ್ವ ಘೋಡಗೇರಿಯಿಂದ ಬಂದಳು. ಘಟಪ್ರಭಾದಲ್ಲಿ ಬಸ್ಸು ಬದಲಿಸಿ, ಅರವತ್ತೈದರ ವಯಸ್ಸಿನಲ್ಲಿ ಕೈಚೀಲ ಹೊತ್ತುಕೊಂಡು ಬರುವ ಗಟ್ಟಿ ಹೆಂಗಸು. ಚೀಲ ಬಿಚ್ಚಿ ನಡುಮನೆಯಲ್ಲಿ ಸುರಿದಳು. ಎಂಟು ಸೂಡು ರಾಜಗಿರಿ ಸೊಪ್ಪು, ಎಂಟು ಸೂಡು ಮೆಂತೆ.

"ಔಷಧ ಹೊಡೀಲಾರದ ತಪ್ಪಲ. ನನ್ನ ಹಿತ್ತಲದ್ದು. ದಿನಾ ಹಾಕ ಅವಂಗ."

"ಅಕ್ಕಾರ, ವಾರಕ್ಕ ಎರಡ ಸಲ ಅಂದಾರ."

"ಅದು ಹಸೀ ತಿನ್ನಾವ್ರಿಗೆ. ನೀ ಕುದಿಸಿ ಬಸೀತಿ ಹೌದಿಲ್ಲೋ?"

"ಬಸೀತೇನ್ರಿ."

"ಮತ್ತ? ತಪ್ಪಲ ತಿಂದು ಸತ್ತವ್ರನ್ನ ಎಲ್ಲಿ ನೋಡೀ? ನಮ್ಮಪ್ಪ ತೊಂಬತ್ತರ ತನಕ ರೊಟ್ಟಿಗಿ ಹಸೀ ಮೆಂತೆ ಹಚಗೊಂಡ ತಿಂದಾಂವ. ಒಂದ ಗುಳಿಗಿ ನುಂಗಲಿಲ್ಲ."

ಅದು ಸುಳ್ಳಲ್ಲ. ಶಿವವ್ವನಿಗೂ ಬಿ.ಪಿ. ಇತ್ತು, ಉಪ್ಪಿನಕಾಯಿ, ಹಪ್ಪಳ ಬಿಟ್ಟು ಸೊಪ್ಪು ಕಾಳು ಹೆಚ್ಚಿಸಿದ ಮೇಲೆ ಅವಳ ಗುಳಿಗೆ ಅರ್ಧಕ್ಕೆ ಇಳಿದಿತ್ತು. ತನಗೆ ಮದ್ದಾದದ್ದು ಗಂಡನಿಗೆ ಏಕೆ ಬೇರೆಯಾಗಬೇಕು ಎಂಬುದು ಅವಳ ತಲೆಗೂ ಪೂರ್ತಿ ಹೋಗಿರಲಿಲ್ಲ.

ಮುರಿಗೆಪ್ಪ ಹೊರಗೆ ಹೋದ ಮೇಲೆ ಶೆಟ್ಟೆವ್ವ ದನಿ ತಗ್ಗಿಸಿದಳು. "ನೋಡವಾ, ನಾ ಇದ್ದದ್ದ ಹೇಳಾಕಿ. ಪಥ್ಯ ಮಾಡಿದ್ರೂ ಏರತೈತಿ ಅಂದ್ರ ಎಲ್ಲೋ ತೂತ ಐತಿ. ಮನ್ಯಾಗ ಇಲ್ಲಂದ್ರ ಹೊರಗ ಐತಿ. ಹೊರಗ ಇಲ್ಲಂದ್ರ ಮನ್ಯಾಗ ಐತಿ."

"ಅಂದ್ರ ನಾ ಹಾಕಾಕತ್ತೇನಿ ಅಂತೀರೇನ್ರಿ?"

"ನಾ ಹಂಗ ಅಂದ್ನೇನ? ಅಂವ ಸಣ್ಣಾಂವ ಇದ್ದಾಗಿಂದ ಕಳ್ಳ ಬಾಯಿ. ಬೆಲ್ಲದ ಗಡಿಗ್ಯಾಗ ಕೈ ಹಾಕಿ ಸಿಕ್ಕಬಿದ್ದಾಂವ. ಕಣ್ಣಿಟ್ಟಿರ ಅಂದೆ, ಅಷ್ಟ."

ಮಾತು ಬೀಜದ ಹಾಗೆ. ಬಿದ್ದ ಮೇಲೆ ಅದು ತನ್ನ ಕೆಲಸ ಮಾಡುತ್ತದೆ. ಬುಧವಾರ ಬೆಳಿಗ್ಗೆ ಶಿವವ್ವ ಕೊತ್ತಂಬರಿ ತರುವ ನೆಪದಲ್ಲಿ ಬಸ್ ನಿಲ್ದಾಣಕ್ಕೆ ಹೋದಳು. ಅಲ್ಲಿ ಓಂಕಾರ ಎಂಬವನು ಎಳನೀರು ಮಾರುತ್ತಾನೆ. ಮುರಿಗೆಪ್ಪ ದಿನವೂ ಒಂದು ತಾಸು ಅವನ ಗಾಡಿಯ ಪಕ್ಕ ಕೂತು ಹೋಗಿ ಬರುವ ಕಾಲೇಜು ಹುಡುಗರನ್ನು ಮಾತಾಡಿಸುವುದು ಅವಳಿಗೆ ಗೊತ್ತಿತ್ತು.

"ಓಂಕಾರಾ, ಖರೆ ಹೇಳಪಾ. ನಮ್ಮವ್ರು ಇಲ್ಲಿ ಎಳನೀರ ಕುಡೀತಾರೇನು?"

"ಕಾಕು, ನನ್ನ ಗಾಡಿ ಮುಟ್ಟಿ ಹೇಳ್ತೇನಿ. ಬರ್ತಾರ, ಕೂಡ್ತಾರ, ಇದು ಬಲಿತೈತಿ ಇದು ಎಳೇದೈತಿ ಅಂತ ನನಗ ಶಾಣ್ಯಾತನ ಹೇಳ್ತಾರ. ನಾ ಕೊಚ್ಚೂ ಮುಂದ ವಾಸನಿ ತಗೋತಾರ. ಅಷ್ಟ. ನಾನ ಒಂದ ದಿನಾ, ಕುಡೀರಿ ಕಾಕಾ, ರೊಕ್ಕ ಬ್ಯಾಡ ಅಂದೆ. ಕೈ ಮುಗದ ಎದ್ದ ಹೋದ್ರು."

ಶಿವವ್ವನಿಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಎಳನೀರಲ್ಲದಿದ್ದರೆ ಬಾಳೆಹಣ್ಣು. ಬಾಳೆಹಣ್ಣಲ್ಲದಿದ್ದರೆ ಬೆಲ್ಲ. ಮನೆಗೆ ಬಂದು, ಗಂಡ ಸ್ನಾನಕ್ಕೆ ಹೋದಾಗ ಗೂಟಕ್ಕೆ ಹಾಕಿದ್ದ ಅಂಗಿಯ ಜೇಬಿಗೆ ಕೈ ಹಾಕಿದಳು. ಬಸ್ಸಿನ ಚೀಟಿ, ಎರಡು ಯಾಲಕ್ಕಿ. ಬೆರಳಿನಿಂದ ಜೇಬಿನ ಮೂಲೆ ಕೆರೆದು ಮೂಗಿಗೆ ಹಿಡಿದಳು. ಬೆಲ್ಲದ ವಾಸನೆ ಇರಲಿಲ್ಲ.

"ಸಿಕ್ತೇನು?"

ಬಚ್ಚಲ ಬಾಗಿಲಲ್ಲಿ ಮುರಿಗೆಪ್ಪ ನಿಂತಿದ್ದ. ಮೈಯಿಂದ ನೀರು ಇಳಿಯುತ್ತಿತ್ತು. ಮೂವತ್ತಾರು ವರ್ಷದಲ್ಲಿ ಅವನು ಹೆಂಡತಿಯ ಮೇಲೆ ದನಿ ಏರಿಸಿದ್ದು ಕಡಿಮೆ. ಈಗಲೂ ಏರಿಸಲಿಲ್ಲ. ಕೊರಳಲ್ಲಿದ್ದ ಕರಡಿಗೆ ಬಿಚ್ಚಿ, ಲಿಂಗವನ್ನು ಎಡಗೈಯಲ್ಲಿಟ್ಟುಕೊಂಡ.

"ಇದನ್ನ ಮುಟ್ಟಿ ಹೇಳ್ತೇನಿ. ನೀ ಹಾಕಿದ್ದ ಬಿಟ್ಟು ಒಂದ ತುತ್ತ, ಒಂದ ಗುಟುಕ ಬ್ಯಾರೆ ಹೊಟ್ಟಿಗೆ ಹೋಗಿಲ್ಲ. ಇನ್ನ ನಂಬೂದು ಬಿಡೂದು ನಿಂದು."

"ನಂಬತೇನ್ರಿ," ಎಂದಳು ಶಿವವ್ವ.

ನಂಬಿರಲಿಲ್ಲ. ನಾಲಿಗೆ ರುಚಿಗೆ ಬಿದ್ದರೆ ಮನುಷ್ಯ ದೇವರನ್ನೂ ಸಮಾಧಾನ ಮಾಡಿಕೊಳ್ಳುತ್ತಾನೆ, ಅದನ್ನು ಅವಳು ಹಲವರಲ್ಲಿ ನೋಡಿದ್ದಳು. ಆದರೆ ಅವನು ಲಿಂಗವನ್ನು ಮತ್ತೆ ಕಟ್ಟಿಕೊಳ್ಳುವಾಗ ಗಂಟು ಹಾಕಲು ಬೆರಳು ಸಾಗದೆ ಎರಡು ಸಲ ತಪ್ಪಿತು. ಸಿಟ್ಟಿಗೆ ಕೈ ನಡುಗಿತೆಂದು ಅವಳು ತಿಳಿದಳು.

ಮಧ್ಯಾಹ್ನ ಊಟಕ್ಕೆ ರಾಜಗಿರಿ ಪಲ್ಯ, ಅನ್ನ. ಅವನು ಮೊದಲು ಪುಡಿ ಕಲಿಸಿದ ನೀರು ಕುಡಿದು ಮುಖ ಕಿವುಚಿದ.

"ಮಳಲ ನುಂಗಿದಂಗ ಆಗತೈತಿ. ಸಾರ ಹಾಕ ಇನ್ನೊಂದ ಬಟ್ಟಲಾ. ಈ ಮನ್ಯಾಗ ಬಾಯಿಗೆ ಹತ್ತೂದು ಇದೊಂದ ಉಳದೈತಿ."

ಜೇಬು ಹುಡುಕಿದ ತಪ್ಪಿಗೆ ಅದೇ ಪ್ರಾಯಶ್ಚಿತ್ತ ಎಂಬಂತೆ ಶಿವವ್ವ ಬಟ್ಟಲು ತುಂಬಿಸಿದಳು. ಮತ್ತೊಂದು ಕೇಳಿದ. ಅದನ್ನೂ ಹಾಕಿದಳು.

ಗುರುವಾರ ಬೆಳಿಗ್ಗೆ ಅಂಗಳದಲ್ಲಿ ಧೊಪ್ಪೆಂದು ಸದ್ದಾಯಿತು. ಹೊಸ್ತಿಲ ಬಳಿ ಚಪ್ಪಲಿ ಹುಡುಕಲು ಕುಕ್ಕರಗಾಲಲ್ಲಿ ಕೂತಿದ್ದ ಮುರಿಗೆಪ್ಪ ಏಳಲಾಗದೆ ಪಕ್ಕಕ್ಕೆ ಉರುಳಿದ್ದ.

"ಕಾಲು ನನ್ನವಲ್ಲ ಅನಸಾಕತ್ತಾವು," ಎಂದ. ಹೆದರಿದಂತಿರಲಿಲ್ಲ, ಆಶ್ಚರ್ಯಪಟ್ಟಂತಿತ್ತು. "ಏಳ ಅಂದ್ರ ಏಳವಲ್ಲವು."

ಶೆಟ್ಟೆವ್ವ ಒಂದು ರಟ್ಟೆ, ಶಿವವ್ವ ಒಂದು ರಟ್ಟೆ ಹಿಡಿದರು. ಪಕ್ಕದ ಮನೆಯವರ ಆಟೊ ಬಂತು. ಮಗ ಮಹೇಶ ಯಮಕನಮರಡಿಯ ಟ್ರಾನ್ಸ್‌ಪೋರ್ಟಿನವರ ಲಾರಿ ಓಡಿಸುತ್ತಾನೆ, ಆ ಹೊತ್ತಿಗೆ ಪುಣೆ ದಾಟಿದ್ದ. ಫೋನಿನಲ್ಲಿ, "ಡಾಕ್ಟರು ಹೇಳಿದಂಗ ಮಾಡ್ರಿ ಯವ್ವಾ, ನಾ ಗಾಡಿ ತಿರಗಸ್ತೇನಿ," ಎಂದಷ್ಟೇ ಹೇಳಿದ. ಶಿವವ್ವ ಅಭ್ಯಾಸಬಲದಿಂದ ಒಲೆಯ ಮೇಲಿದ್ದ ಅಡುಗೆಯನ್ನು ಡಬ್ಬಿಗೆ ತುಂಬಿಕೊಂಡೇ ಆಟೊ ಹತ್ತಿದಳು. ದಾರಿಯುದ್ದಕ್ಕೂ ಗಂಡನ ಎದೆಯ ಮೇಲೆ ಅಂಗೈ ಇಟ್ಟಿದ್ದಳು. ಪ್ರತಿ ಬಡಿತದ ನಂತರ ಮುಂದಿನದು ಬರುವವರೆಗೆ ಅವಳ ಉಸಿರು ನಿಲ್ಲುತ್ತಿತ್ತು. ಆ ನಡುವಿನ ಹೊತ್ತು ಉದ್ದವಾಗುತ್ತಿದೆ ಎನಿಸಿತು.

ಆಸ್ಪತ್ರೆಯಲ್ಲಿ ಮಾತು ಕಡಿಮೆ, ಓಡಾಟ ಜಾಸ್ತಿ ಆಯಿತು. ಎದೆಗೆ ತಂತಿ ಅಂಟಿಸಿದರು, ಕೈಗೆ ಸೂಜಿ ಚುಚ್ಚಿದರು. ಪೊಟ್ಯಾಸಿಯಂ ಆರು ಪಾಯಿಂಟ್ ಎಂಟು. ಇಸಿಜಿಯ ಗೆರೆ ಬದಲಾಗಿತ್ತು. ಡಾಕ್ಟರು ಇಂಜೆಕ್ಷನ್ ಹೇಳಿ, ಹೊರಗೆ ಬಂದರು.

"ಕುತ್ತಿಗಿ ನರಕ್ಕ ನಳಿಗಿ ಹಾಕಬೇಕಾಗತೈತಿ. ಮಷೀನು ಖಾಲಿ ಆಗೂತನಕ ಒಂದ ತಾಸ ಐತಿ. ಸಹಿ ಮಾಡಾಕ ತಯಾರಾಗ್ರಿ."

"ಒಮ್ಮೆ ಹಾಕಿದ್ರ ಮತ್ತ ಬಿಡಂಗಿಲ್ಲೇನ್ರಿ?" ಎಂದಳು ಶಿವವ್ವ.

"ಪಥ್ಯ ಇಷ್ಟು ಗಟ್ಟಿ ಮಾಡಿದ್ರೂ ಹಿಂಗ ಏರೈತಿ ಅಂದ್ರ ಕಿಡ್ನಿ ಪೂರಾ ಕೈಬಿಟ್ಟೈತಿ ಅಂತ ಅರ್ಥ. ಬಿಡೂದು ಕಠಿಣ ಐತ್ರಿ."

ಶೆಟ್ಟೆವ್ವ ವಾರ್ಡಿನ ಬಾಗಿಲಲ್ಲಿ ನಿಂತು ನರ್ಸಿಗೆ ಹೇಳುತ್ತಿದ್ದಳು: "ಅಂವ ಏನೂ ತಿಂದಿಲ್ಲ ಅಂತಾನ. ಲಿಂಗ ಮುಟ್ಟಿ ಹೇಳ್ಯಾನ. ಅಂದ ಮ್ಯಾಲೆ ಕೊಟ್ಟಾವ್ರು ಏನ ಕೊಟ್ರು ಕೇಳ್ರಿ." ಶಿವವ್ವನಿಗೆ ಕೇಳಲೆಂದೇ ಆಡಿದ ಮಾತು ಅದು.

ಶಿವವ್ವ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತಳು. ಮುರಿಗೆಪ್ಪ ಕಣ್ಣು ಮುಚ್ಚಿದ್ದ. ಅಷ್ಟರಲ್ಲಿ ರಾಧಿಕಾ ವಾರ್ಡಿಗೆ ಬಂದಳು. ಕಾಗದ ನೋಡಿದಳು, ಮುರಿಗೆಪ್ಪನ ಮುಖ ನೋಡಿದಳು, ಆಮೇಲೆ ಕಪಾಟಿನ ಮೇಲಿದ್ದ ಡಬ್ಬಿ ನೋಡಿದಳು.

"ಕಾಕು, ಇದು ಇವರ ಊಟನ? ತಗದ ನೋಡ್ಲೇನ್ರಿ?"

"ನೋಡ್ರಿ ಮೇಡಮ್ಮಾರ. ನೀವ ನೋಡಿ ಹೇಳ್ರಿ. ನೀವು ಹೇಳಿದಂಗ ಐತಿಲ್ಲೋ."

ರಾಧಿಕಾ ಮೊದಲ ಡಬ್ಬಿ ತೆರೆದಳು. ಚಮಚದಿಂದ ಪಲ್ಯ ಒತ್ತಿ ನೋಡಿದಳು. "ಚಲೋ ಕುದಸೀರಿ. ಬಸದೀರಿ. ಬರೋಬ್ಬರಿ ಐತಿ." ಎರಡನೆಯದರಲ್ಲಿ ಅನ್ನ. ಮೂರನೆಯದನ್ನು ತೆರೆದು, "ಇದು?" ಎಂದಳು.

"ಸಾರ್ರಿ."

"ಯಾತರದು? ಬ್ಯಾಳಿ ಕಾಣವಲ್ದು, ಟಮಾಟಿ ಹಣ್ಣ ಕಾಣವಲ್ದು."

"ಕಟ್ಟಿನ ಸಾರ್ರಿ."

"ಯಾವ ಕಟ್ಟು?"

"ಅದ ರೀ, ಆ ಪಲ್ಯ ಬಸದದ್ದು. ಬ್ಯಾಳಿ ಬಸದದ್ದೂ ಐತಿ. ಗಟ್ಟಿದು ಬ್ಯಾಡ ಅಂದ್ರಿ, ಅದಕ್ಕ ತಿಳೀದು ಕೊಡಾಕತ್ತೇನಿ."

ರಾಧಿಕಾಳ ಕೈಯಲ್ಲಿದ್ದ ಮುಚ್ಚಳ ಅಲ್ಲೇ ನಿಂತಿತು. ಅವಳು ಬೈದಿದ್ದರೆ ಶಿವವ್ವ ತಡೆದುಕೊಳ್ಳುತ್ತಿದ್ದಳು. ಅವಳು ಮೆಲ್ಲಗೆ ಮುಚ್ಚಳ ಹಾಕಿ, ಪಕ್ಕದಲ್ಲಿ ಕೂತು, ದನಿ ಇಳಿಸಿ ಹೇಳಿದಳು.

"ಕಾಕು. ತಪ್ಪಲದಾಗಿನ ಪೊಟ್ಯಾಸಿಯಂ ಕುದ್ದಾಗ ನೀರಿಗೆ ಇಳೀತೈತಿ. ಅದನ್ನ ನೀರಿನ ಕೂಡ ಹೊರಗ ಹಾಕಾಕಂತನ ಕುದಸೂದು. ಆ ನೀರು ಚೆಲ್ಲೂದಿತ್ತು."

ಶಿವವ್ವನಿಗೆ ತಕ್ಷಣ ಅರ್ಥವಾಯಿತು. ಅರ್ಥವಾಗದೆ ಹೋಗಿದ್ದರೇ ಒಳ್ಳೆಯದಿತ್ತು. ಹೋಳಿಗೆಯ ದಿನ ಬೇಳೆಯ ಸತ್ವವೆಲ್ಲ ಕಟ್ಟಿನಲ್ಲಿ ಇರುತ್ತದೆ ಎಂದು ಓಣಿಯ ಸೊಸೆಯಂದಿರಿಗೆ ಹೇಳಿಕೊಟ್ಟವಳು ಅವಳೇ. ಆ ಸತ್ವ ಬೇಡವೆಂದು ಬಸಿಯಲು ಹೇಳಿದರು. ಅವಳು ಬಸಿದಳು, ಬೇರೆ ಬಟ್ಟಲಿನಲ್ಲಿ ಹಾಕಿ ಕುಡಿಸಿದಳು. ತೂತು ಹುಡುಕುತ್ತ ಎಳನೀರಿನ ಗಾಡಿಯವರೆಗೆ ಹೋದಳು. ಅವನ ಜೇಬು ಮೂಸಿದಳು. ಲಿಂಗ ಮುಟ್ಟಿದವನನ್ನು ಸುಳ್ಳುಗಾರನೆಂದು ಎಣಿಸಿದಳು.

"ಚೆಲ್ಲ ಅಂತ ಹೇಳ್ಲಿಲ್ರಿ ನೀವು," ಎಂದಳು. ದೂರಲು ಹೇಳಿದ್ದಲ್ಲ, ಬಾಯಿಗೆ ಬೇರೆ ಏನೂ ಬರಲಿಲ್ಲ.

"ಹೇಳ್ಲಿಲ್ಲ. ಬಸದ ನೀರು ಯಾರರೆ ಇಟ್ಕೋತಾರ ಅಂತ ನನಗ ಹೊಳೀಲಿಲ್ಲ. ನಾ ಹಾಸ್ಟೆಲಿನ್ಯಾಗ ಬೆಳದಾಕಿ." ರಾಧಿಕಾ ಎದ್ದಳು. "ಇದು ಡಾಕ್ಟರಿಗೆ ಗೊತ್ತಾಗಬೇಕು, ಈಗಿಂದೀಗ. ಕಿಡ್ನಿ ಕೈಬಿಟ್ಟು ಏರಿದ್ದು ಬ್ಯಾರೆ, ಹೊರಗಿಂದ ಬಿದ್ದು ಏರಿದ್ದು ಬ್ಯಾರೆ. ಬಿದ್ದದ್ದ ಆದ್ರ ಇಳಸಬಹುದು. ನಾ ಹೋಗಿ ಹೇಳ್ಲೇನು?"

ಬಾಗಿಲಲ್ಲಿ ಶೆಟ್ಟೆವ್ವ ಇತ್ತ ನೋಡುತ್ತಿದ್ದಳು. ನಾಳೆ ಘೋಡಗೇರಿಯಲ್ಲಿ ಈ ಮಾತು ಮನೆಮನೆಗೆ ಹೋಗುತ್ತದೆ. ಗಂಡನಿಗೆ ತಾನೇ ಹಾಕಿದಳಂತೆ, ಬಟ್ಟಲು ತುಂಬ ಹಾಕಿದಳಂತೆ. ಈ ಹುಡುಗಿ ಒಳಗೆ ಹೋಗಿ ಮೆಲ್ಲಗೆ ಹೇಳಿಬಿಟ್ಟರೆ ಯಾರ ಕಿವಿಗೂ ಬೀಳದು.

"ಬ್ಯಾಡ್ರಿ. ಎಷ್ಟ ಬಟ್ಟಲಾ ಅನ್ನೂದು ನಿಮಗ ಗೊತ್ತಿಲ್ಲ," ಎಂದು ಶಿವವ್ವ ಎದ್ದಳು.

ಡಾಕ್ಟರು ಮಂಚದ ಬಳಿಗೇ ಬಂದರು. ಅವಳು ಎಲ್ಲರ ಮುಂದೆ ಹೇಳಿದಳು. ಎರಡು ತಿಂಗಳಿಂದ. ಮೊದಲು ಹೊತ್ತಿಗೆ ಒಂದು ಬಟ್ಟಲು. ಈ ವಾರ ಪುಡಿಯ ರುಚಿ ತಡೆಯದೆ ಎರಡು, ನಿನ್ನೆ ಮಧ್ಯಾಹ್ನ ಮೂರು. ಅಕ್ಕಾರು ತಂದ ತಪ್ಪಲ ಬಂದ ಮೇಲೆ ದಿನವೂ ತಪ್ಪಲದ್ದೇ. ಹೇಳುವಾಗ ಅವಳು ಯಾರ ಮುಖವನ್ನೂ ನೋಡದೆ ಮಂಚದ ಕಬ್ಬಿಣದ ಕಾಲನ್ನೇ ನೋಡುತ್ತಿದ್ದಳು.

ಡಾಕ್ಟರು "ಮೂತ್ರ ಹೋಗಾಕತ್ತೈತೇನು?" ಎಂದು ನರ್ಸಿಗೆ ಕೇಳಿದರು. ಹೋಗುತ್ತಿತ್ತು. ಇಂಜೆಕ್ಷನ್ ಕೊಟ್ಟ ಮೇಲೆ ತೆಗೆದ ಹೊಸ ಇಸಿಜಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. "ಗೆರಿ ಸುಧಾರಿಸೈತಿ. ನಳಿಗಿ ಈಗ ಬ್ಯಾಡ. ನಾಕ ಗಂಟೆಕ್ಕ ರಕ್ತ ತಗದ ನೋಡೂಣು. ಅಷ್ಟರಾಗ ಗೆರಿ ಕೆಟ್ರ ಒಂದ ನಿಮಿಷ ಕಾಯಂಗಿಲ್ಲ."

ಅವರು ಹೋದ ಮೇಲೆ ಮಾತಾಡಿದವನು ಮುರಿಗೆಪ್ಪ. ಕಣ್ಣು ತೆರೆದಿರಲಿಲ್ಲ.

"ಪೊಟ್ಯಾಶ್ ನೀರಾಗ ಕರಗತೈತಿ. ಡ್ರಿಪ್ ಪೈಪಿಗೆ ನಾನ ಕಲಿಸಿ ಬಿಡತಿದ್ದೆ. ಮೂವತ್ತೊಂದ ವರ್ಷ ಅದನ್ನ ಮಾಡೇನಿ. ಗಿಡದಾಗ ಹೋದದ್ದು ಕುದಿಸಿದ್ರ ನೀರಿಗೆ ಬರತೈತಿ ಅಂತ ನನಗ ತಿಳೀಬಾರ್ದಾಗಿತ್ತೇನು? ಬಟ್ಟಲಾ ಹಿಡದು ಮತ್ತ ಹಾಕ, ಮತ್ತ ಹಾಕ ಅಂದಾಂವ ನಾ."

"ನೀವು ಮಾತಾಡಬ್ಯಾಡ್ರಿ."

"ನಿನ್ನೆ ನೀ ನನ್ನ ನಂಬಲಿಲ್ಲ."

ಶಿವವ್ವ ಸುಳ್ಳು ಹೇಳಬಹುದಿತ್ತು. "ಇಲ್ರಿ," ಎಂದಳು. "ನಂಬಲಿಲ್ಲ."

"ಹೂಂ." ಅವನು ಕೈ ಸರಿಸಿ ಅವಳ ಕೈಯ ಪಕ್ಕ ಇಟ್ಟ. ಹಿಡಿಯಲು ಬಲ ಇರಲಿಲ್ಲವೋ, ಮನಸ್ಸಿರಲಿಲ್ಲವೋ ಗೊತ್ತಾಗಲಿಲ್ಲ.

ಶೆಟ್ಟೆವ್ವ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಶಿವವ್ವ ಬೈಗುಳಕ್ಕೆ ಕಾದಳು. ಶೆಟ್ಟೆವ್ವ ರಾಧಿಕಾಳ ಕಡೆ ತಿರುಗಿದಳು.

"ಯವ್ವಾ, ನೀ ಕಲತಾಕಿ. ನಮ್ಮ ಕಡೆ ಕಟ್ಟ ಚೆಲ್ಲಿದ್ರ ಅತ್ತಿ ಆದಾಕಿ ಸೊಸೀನ್ನ ಹೊರಗ ಹಾಕ್ತಾಳ. ನಾನ ಇದ್ರೂ ಹಿಂಗ ಮಾಡ್ತಿದ್ದೆ. ಹೊಟ್ಟಿಗೆ ಇನ್ನಷ್ಟ ಹಾಕ್ತಿದ್ದೆ." ನಂತರ ದನಿ ಗಡುಸಾಯಿತು. "ಮುಂದ ಬಂದಾವ್ರಿಗೆ ಬಾಯಿ ಬಿಟ್ಟ ಹೇಳ. ಬಸದ ನೀರು ಬಚ್ಚಲಕ್ಕ ಅಂತ ಹೇಳ. ನಮ್ಮಂಥಾವ್ರು ಬಾಳ ಮಂದಿ ಅದಾರ."

"ಹೇಳ್ತೇನ್ರಿ ಅಜ್ಜಿ," ಎಂದಳು ರಾಧಿಕಾ.

"ಅಜ್ಜಿ ಯಾರ ನಿನಗ?"

ನಾಲ್ಕು ಗಂಟೆಯವರೆಗೆ ಶಿವವ್ವ ಸ್ಟೂಲು ಬಿಟ್ಟು ಏಳಲಿಲ್ಲ. ಮಂಚದ ಮೇಲಿನ ಮಾನಿಟರಿನ ಪರದೆಯಲ್ಲಿ ಹಸಿರು ಗೆರೆ ಏರಿ ಇಳಿದು ಓಡುತ್ತಿತ್ತು. ಅದನ್ನು ಓದಲು ಅವಳಿಗೆ ಬರುತ್ತಿರಲಿಲ್ಲ. ಆದರೂ ಕಣ್ಣು ಮಿಟುಕಿಸಿದರೆ ಅದು ನಿಂತೀತೆಂದು ನೋಡುತ್ತಲೇ ಇದ್ದಳು. ಒಳಗಿನ ಕೋಣೆಯಲ್ಲಿ ಮಷೀನು ಖಾಲಿಯಾಯಿತು. ನರ್ಸು ಒಮ್ಮೆ ಬಂದು ಡಾಕ್ಟರನ್ನು ಕೇಳಿ ಹೋದಳು. ಮತ್ತೊಬ್ಬರನ್ನು ಅದಕ್ಕೆ ಕರೆದೊಯ್ದರು.

ಐದಕ್ಕೆ ಚೀಟಿ ಬಂತು. ಡಾಕ್ಟರು ಅದನ್ನು ಒಂದೇ ಸಲ ಓದಿದರು.

"ಐದು ಪಾಯಿಂಟ್ ಒಂಬತ್ತು. ಇಳಿಯಾಕತ್ತೈತಿ. ಇವತ್ತು ಮಷೀನು ಬ್ಯಾಡ." ಶಿವವ್ವ ಕೈ ಮುಗಿಯಲು ಹೋದಾಗ ತಡೆದರು. "ಇವತ್ತು ಅಂದೇನಿ. ಕಿಡ್ನಿ ಅರ್ಧಕ್ಕಿಂತ ಕಡಿಮಿ ಕೆಲಸ ಮಾಡಾಕತ್ತೈತಿ, ಅದು ಖರೆ. ಎಷ್ಟು ದಿನಾ ದೂಡ್ತೀರಿ ಅನ್ನೂದು ನಿಮ್ಮ ಅಡಗಿ ಮನಿ ಮ್ಯಾಲೆ ಐತಿ. ಸೋಮವಾರ ಮತ್ತ ರಕ್ತ."

ಶನಿವಾರ ಮನೆಗೆ ಬಂದರು. ಐದು ಪಾಯಿಂಟ್ ಎರಡಕ್ಕೆ ಇಳಿದಿತ್ತು. ಮಹೇಶ ತಂದೆಯನ್ನು ಆಟೊದಿಂದ ಎತ್ತಿಕೊಂಡೇ ಇಳಿಸಲು ಹೋದಾಗ ಮುರಿಗೆಪ್ಪ ಬೈದ.

ಭಾನುವಾರ ಶಿವವ್ವ ಎಲೆಕೋಸು ಕುದಿಸಿ ಜರಡಿಗೆ ಸುರಿದಳು. ಕೆಳಗಿನ ಪಾತ್ರೆಗೆ ಹಳದಿ ನೀರು ಇಳಿಯಿತು, ಹಬೆ ಮುಖಕ್ಕೆ ಬಡಿಯಿತು. ಪಕ್ಕದಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದ ಶೆಟ್ಟೆವ್ವನ ಕೈ ತಾನಾಗಿ ಪಾತ್ರೆಯ ಕಡೆ ಹೋಯಿತು.

"ನಮಗರೆ ಸಾರ ಮಾಡೂಣಲ್ಲ. ನಿನಗ ಬಿ.ಪಿ. ಐತಿ, ನಿನ್ನ ಮೈಗೆ ಇದು ಚಲೋ ಅಂತ ಆಸ್ಪತ್ರ್ಯಾಗ ಅಂದ್ಲಲ್ಲ ಆ ಹುಡುಗಿ."

"ಒಗ್ಗರಣಿ ವಾಸನಿ ಬಡದ್ರ ಅವರು ಕೇಳ್ತಾರ್ರಿ. ಕೇಳಿದ್ರ ನಾ ಹಾಕ್ತೇನಿ. ನನ್ನ ನಂಬಿಕಿ ನನಗಿಲ್ಲ."

ಶಿವವ್ವ ಪಾತ್ರೆ ಎತ್ತಿಕೊಂಡು ಬಚ್ಚಲಿಗೆ ಹೋದಳು. ಚೆಲ್ಲುವಾಗ ಕಣ್ಣು ಬೇರೆ ಕಡೆ ತಿರುಗಿಸಿದಳು. ಹಿಂದಿನಿಂದ ಶೆಟ್ಟೆವ್ವ, "ಶಿವಶಿವಾ," ಎಂದದ್ದು ಕೇಳಿತು.

ಮುರಿಗೆಪ್ಪ ಅನ್ನಕ್ಕೆ ಪಲ್ಯ ಕಲಿಸಿ, ಅಗಿದು ಅಗಿದು ನುಂಗಿದ. ಬಟ್ಟಲಿನ ಜಾಗ ಖಾಲಿ ಇತ್ತು. ಅವನ ಕೈ ಒಮ್ಮೆ ಅಲ್ಲಿಗೆ ಹೋಗಿ ಹಿಂದೆ ಬಂತು. ತಟ್ಟೆ ಮುಗಿಸಿ, ನೆಲಕ್ಕೆ ಅಂಗೈ ಊರಿ, ಮೆಲ್ಲಗೆ ಎದ್ದ. ಏಳುವಾಗ ಇನ್ನೊಂದು ಕೈ ಗೋಡೆಗೆ ಹೋಯಿತು.

"ಗ್ವಾಡಿ ಯಾಕ ಹಿಡದ್ರಿ?" ಶಿವವ್ವ ಒಲೆಯ ಮುಂದಿನಿಂದ ಎದ್ದೇಬಿಟ್ಟಳು. "ಕಾಲು ಮತ್ತ ಹಂಗ ಆಗಾಕತ್ತಾವೇನು?"

"ಹಿಡೀಲಿಲ್ಲ. ಮುಟ್ಟಿದೆ."

"ಖರೆ ಹೇಳ್ರಿ."

ಅವನು ಅವಳ ಮುಖವನ್ನೊಮ್ಮೆ ನೋಡಿ, ಗೋಡೆಯಿಂದ ದೂರ ಸರಿದು, ಏನನ್ನೂ ಹಿಡಿಯದೆ ನೆಲಕ್ಕೆ ಕೂತ. ಏನನ್ನೂ ಮುಟ್ಟದೆ ಎದ್ದ.